ನೂರು ಗಜದಾಚೆಯ ನೆರೆಕರೆ

ನಮ್ಮ ಮನೆಗೆ ಬಂದವರು ಕಾರಿನ ಬಾಗಿಲು ಹಾಕಿ, ಅಂಗಳದಲ್ಲಿ ನಿಂತು, ಸುತ್ತ ಒಮ್ಮೆ ಕಣ್ಣಾಡಿಸಿ ಹೇಳುವ ಮೊದಲ ಮಾತು ಒಂದೇ: "ಎಂಥ ಶಾಂತಿ ಮಾರಾಯ್ರೆ ಇಲ್ಲಿ!" ಉಡುಪಿಯವರಿರಲಿ, ಬೆಂಗಳೂರಿನವರಿರಲಿ, ದುಬಾಯಿಯಿಂದ ರಜೆಗೆ ಬಂದವರಿರಲಿ, ಮಾತು ಬದಲಾಗುವುದಿಲ್ಲ. ನಾನು ನಾಲಗೆ ತುದಿಗೆ ಬಂದ ಉತ್ತರವನ್ನು ನುಂಗಿ ಬೆಲ್ಲ, ನೀರು ತರಲು ಒಳಗೆ ಹೋಗುತ್ತೇನೆ. ಅವರು ಶಾಂತಿಯನ್ನು ಹೊಗಳುತ್ತಿರುವ ಹೊತ್ತಿಗೇ ಹಲಸಿನ ಮರದಲ್ಲಿ ಮಂಗಗಳ ಪಾಲುಪಟ್ಟಿ ನಡೆದಿರುತ್ತದೆ, ತೋಟದ ಕೆಳಗಿನಿಂದ ನವಿಲು ಕೂಗುತ್ತಿರುತ್ತದೆ, ಹಟ್ಟಿಯಲ್ಲಿ ಕರು ಅರಚುತ್ತಿರುತ್ತದೆ, ಜೀರುಂಡೆಗಳಂತೂ ಕಿವಿಯೊಳಗೆ ಗರಗಸ ಹಾಕುತ್ತಿರುತ್ತವೆ. ವಾಹನದ ಹಾರ್ನ್ ಕೇಳದಿದ್ದರೆ ಸಾಕು, ಪೇಟೆಯವರಿಗೆ ಅದು ಶಾಂತಿ.

ಅವರನ್ನು ಆಡಿಕೊಳ್ಳುವ ಹಕ್ಕು ನನಗೂ ಪೂರ್ತಿ ಇಲ್ಲ. ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ, ಕಡಲ ಬದಿ. ಹಿತ್ತಿಲು ದಾಟಿದರೆ ಹೊಯ್ಗೆ, ಹೊಯ್ಗೆ ದಾಟಿದರೆ ನೀರು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಬೆಳಕು ರಾತ್ರಿಯಿಡೀ ನಮ್ಮ ತೆಂಗಿನ ಮರಗಳ ತಲೆ ಸವರಿಕೊಂಡು ಹೋಗುತ್ತಿತ್ತು. ಕಡಲ ಸದ್ದಿಗೆ ಒಂದು ಗುಣವಿದೆ, ಅದು ಯಾವಾಗಲೂ ಇರುತ್ತದೆ. ಯಾವಾಗಲೂ ಇರುವುದರಿಂದ ಕೇಳುವುದೇ ಇಲ್ಲ. ಮದುವೆಯಾಗಿ ಕಾರ್ಕಳದಿಂದ ಬಜಗೋಳಿ ದಾಟಿ ಮಾಳದ ಕಡೆ, ಶೃಂಗೇರಿಯ ರಸ್ತೆ ಘಟ್ಟ ಹತ್ತುವುದಕ್ಕೆ ಸ್ವಲ್ಪ ಮೊದಲು ಬದಿಗೆ ಇಳಿಯುವ ಮಣ್ಣುದಾರಿಯ ಕೊನೆಗಿರುವ ಈ ಮನೆಗೆ ಬಂದಾಗ ಮೊದಲ ರಾತ್ರಿಗಳು ನಿದ್ದೆ ಬರಲಿಲ್ಲ. ಇಲ್ಲಿ ಒಂದೊಂದು ಸದ್ದಿಗೂ ಒಬ್ಬೊಬ್ಬ ಧಣಿ. ಮಾಡಿನ ಮೇಲೆ ಏನೋ ಉರುಳಿತು, ಅದು ಯಾರು? ಬಾವಿಕಟ್ಟೆಯ ಬಳಿ ಯಾರೋ ಕೆಮ್ಮಿದರು, ಅದು ಯಾರು? ಪಕ್ಕದ ಕೋಣೆಯಿಂದ ಅತ್ತೆ ನಿದ್ದೆಗಣ್ಣಲ್ಲೇ ಉತ್ತರ ಕೊಡುತ್ತಿದ್ದರು. "ಅದು ಮರಬೆಕ್ಕು, ಮಲಗು." "ಅದು ಬರಿಂಕ, ಮಲಗು ಹೆಣ್ಣೇ." ಬರಿಂಕವೆಂದರೆ ಕೂರನ್‌ಹಂದಿ ಎಂದು ತಿಳಿಯಲು, ಕೂರನ್‌ಹಂದಿಯೆಂದರೆ ಹಂದಿಯೇ ಅಲ್ಲ, ಮೊಲದಷ್ಟಿರುವ ಒಂದು ಪುಟ್ಟ ಜಿಂಕೆ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹೀಗೆ ಹೆಸರು ಹಿಡಿದು ಪರಿಚಯವಾದ ಮೇಲೆ ಸದ್ದುಗಳಿಗೆ ತಿಂಗಳ ಲೆಕ್ಕವೂ ಹತ್ತಿತು. ಚಳಿಗಾಲದಿಂದ ಬೇಸಿಗೆಯ ತನಕ ಕಣಿವೆಯಾಚೆಯಿಂದ ಯಕ್ಷಗಾನದ ಚಂಡೆ. ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ ಎಂಬುದರ ಮೇಲೆ ಒಂದು ರಾತ್ರಿ ಬರೀ ಚಂಡೆ, ಒಂದು ರಾತ್ರಿ ಬರೀ ಭಾಗವತರು. ಬೇಶದ ಹತ್ತು ಹೋದರೆ ಪತ್ತನಾಜೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ, ನೇಮಗಳಿಗೂ ಅಲ್ಲಿಗೆ ವಿರಾಮ. ಅಲ್ಲಿಂದ ಮುಂದೆ ಮೈಕು ಜೀರುಂಡೆಗಳ ಕೈಗೆ. ಮಳೆ ಹಿಡಿದ ಮೇಲೆ ಬೇರೆ ಯಾವುದೂ ಕೇಳುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಘಟ್ಟದ ಬುಡದಲ್ಲಿ ಕೂತ ನಮಗೆ ಅದರ ಮೇಲೆ ಇನ್ನಷ್ಟು. ಹಂಚಿನ ಮಾಡಿನ ಕೆಳಗೆ ಆ ಮಳೆಯಲ್ಲಿ ಎರಡು ಮಾತಾಡಬೇಕಾದರೆ ಬೊಬ್ಬೆ ಹಾಕಬೇಕು. ಆಟಿಯಲ್ಲಿ ನಮ್ಮ ಮನೆಯ ಎಲ್ಲ ಸಂಭಾಷಣೆಯೂ ಜಗಳದ ದನಿಯಲ್ಲಿ ನಡೆಯುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್‌ನವರು ಸೋರದ ಮಾಡು ಕೊಟ್ಟರು, ಸದ್ದಿಗೆ ಮಾತ್ರ ಏನೂ ಮಾಡಲಿಲ್ಲ.

ಆ ಸದ್ದಿನ ನಡುವೆಯೇ, ಬೆಳಗಿನ ಜಾವ ಮಳೆ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ತೋಡಿನ ಕಡೆಯಿಂದ ಒಂದು ಶಿಳ್ಳೆ ಕೇಳುತ್ತದೆ. ಸಿಳ್ಳಾರ ಹಕ್ಕಿ. ನೋಡಲು ಕಪ್ಪು, ಬೆಳಕು ಬಿದ್ದಾಗ ಹೆಗಲಲ್ಲಿ ಹೊಳೆಯುವ ನೀಲಿ. ಇಂಗ್ಲಿಷರು ಇದಕ್ಕೆ 'ಶಿಳ್ಳೆ ಹಾಕುವ ಶಾಲೆಯ ಹುಡುಗ' ಎಂದು ಅಡ್ಡಹೆಸರಿಟ್ಟದ್ದು ಸರಿಯಾಗಿಯೇ ಇದೆ: ಒಂದು ರಾಗ ಶುರುಮಾಡುತ್ತದೆ, ಇನ್ನೇನು ಗುರುತು ಹತ್ತಿತು ಅನ್ನುವಾಗ ಅಲ್ಲೇ ಕೈಬಿಟ್ಟು ಇನ್ನೊಂದಕ್ಕೆ ಹಾರುತ್ತದೆ. ಇವರು ದಿನವೂ ಹಾಸಿಗೆಯಲ್ಲೇ "ಮುಗಿಸು ಮಾರಾಯ" ಅನ್ನುತ್ತಾರೆ. ಅದು ಮುಗಿಸಿದ್ದಿಲ್ಲ.

ನಮ್ಮ ಮನೆಗೂ ಕಾಡಿಗೂ ನಡುವೆ ಬೇಲಿಯಿಲ್ಲ. ಇರುವುದು ಕುಮ್ಕಿ. ಹಳೆಯ ದಕ್ಷಿಣ ಕನ್ನಡದ ಕೃಷಿಕರಿಗೆಲ್ಲ ಗೊತ್ತಿರುವ ಏರ್ಪಾಡು ಇದು. ಸಾಗುವಳಿಯ ವರ್ಗ ಜಾಗದ ಅಂಚಿನಿಂದ ನೂರು ಗಜದ ತನಕ ಇರುವ ಸರಕಾರಿ ಭೂಮಿಯಿಂದ ಸೊಪ್ಪು, ತರಗೆಲೆ, ಸೌದೆ, ಮನೆಗೂ ಕೃಷಿಗೂ ಬೇಕಾದ ಮರಮಟ್ಟು ತೆಗೆಯುವ, ದನ ಮೇಯಿಸುವ ಸವಲತ್ತು ವರ್ಗದಾರನಿಗೆ. ಭೂಮಿಯೇನೋ ಸರಕಾರದ್ದು, ಸೊಪ್ಪು ನಮ್ಮದು. ಆ ನೂರು ಗಜದ ಮೇಲೆ ಕೋರ್ಟು, ಕಚೇರಿ, ಹೋರಾಟ, ಚುನಾವಣೆಯ ಭಾಷಣ ಎಲ್ಲ ಆಗಿವೆ, ಇನ್ನೂ ಆಗುತ್ತಲೇ ಇವೆ. ಆ ಗೊಂದಲಕ್ಕೆ ನಾನು ಇಳಿಯುವುದಿಲ್ಲ. ಆದರೆ ಯಾವನೋ ರೆವಿನ್ಯೂ ಅಧಿಕಾರಿ ಬರೆದಿಟ್ಟ ಈ ನಿಯಮದಲ್ಲಿ ಒಂದು ಬಗೆಯ ಲೋಕಜ್ಞಾನ ಇದೆ ಅಂತ ನನಗೆ ಅನ್ನಿಸುತ್ತದೆ. ಅಡಿಕೆ ತೋಟ ಅದರಷ್ಟಕ್ಕೆ ಬದುಕುವುದಿಲ್ಲ, ಬುಡಕ್ಕೆ ಬೆಟ್ಟದ ಸೊಪ್ಪು ಬೀಳಬೇಕು. ಹಟ್ಟಿಗೆ ತರಗೆಲೆ ಹಾಸಬೇಕು, ಅದು ಗೊಬ್ಬರವಾಗಿ ಮತ್ತೆ ತೋಟಕ್ಕೆ ಹೋಗಬೇಕು. ಬಚ್ಚಲಿನ ಹಂಡೆಯ ಕೆಳಗೆ ಬೆಂಕಿ ಉರಿಯಬೇಕು. ಇದೆಲ್ಲ ಕಾಡಿನಿಂದ ಕೈಕಡ. ಮೇಲೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯಿಂದಾಚೆ ಕಾನೂನು ಬೇರೆ. 1987ರಲ್ಲಿ ಅದು ಘೋಷಣೆಯಾದ ಮೇಲೆ ಅತ್ತ ಕತ್ತಿ ಹಿಡಿದು ಹೋಗುವಂತಿಲ್ಲ. ಇತ್ತ ನಮ್ಮ ತೋಟ. ನಡುವೆ ಈ ನೂರು ಗಜ. ಎರಡು ಮನೆಗಳವರು ಕೂತು ವೀಳ್ಯ ಹಾಕುವ ಜಗಲಿ ಎಂದು ಬೇಕಾದರೆ ಅನ್ನಿ.

ಕೈಕಡ ಅಂದ ಮೇಲೆ ಅದು ಎರಡು ಕಡೆಗೂ ನಡೆಯುತ್ತದೆ. ನಾವು ಹಗಲು ತರುತ್ತೇವೆ, ಅವರು ರಾತ್ರಿ ಒಯ್ಯುತ್ತಾರೆ. ಕಾಡುಹಂದಿ ಮರಗೆಣಸಿನ ಸಾಲನ್ನು ಉತ್ತು ಹೋಗುತ್ತದೆ. ಮುಳ್ಳುಹಂದಿ ತೆಂಗಿನ ಸಸಿಯ ಬುಡ ಕೊರೆದು ತಿನ್ನುತ್ತದೆ, ಸಾಕ್ಷಿಗೆ ಒಂದೆರಡು ಮುಳ್ಳು ಬಿಟ್ಟು ಹೋಗುತ್ತದೆ. ಕಾಟಿಗಳು ಬರುವುದು ಬೇಸಿಗೆಯಲ್ಲಿ, ನೀರಿಗೆ; ಬಂದದ್ದು ಗೊತ್ತಾಗುವುದು ಬೆಳಿಗ್ಗೆ ಸ್ಪ್ರಿಂಕ್ಲರಿನ ಪೈಪು ಅಪ್ಪಚ್ಚಿಯಾಗಿರುವುದನ್ನು ನೋಡಿ. ಇವರೆಲ್ಲರ ಮೇಲೆ ಸಿಟ್ಟು ಬರುತ್ತದೆ, ಇಳಿಯುತ್ತದೆ. ಮಂಗಗಳ ಮೇಲೆ ಬಂದ ಸಿಟ್ಟು ಮಾತ್ರ ಇಳಿಯುವುದಿಲ್ಲ. ಹಂದಿ ಹಸಿವಿಗೆ ತಿನ್ನುತ್ತದೆ. ಮಂಗ ಬೊಂಡ ಕಿತ್ತು, ತೂತು ಮಾಡಿ, ಎರಡು ಗುಟುಕು ಕುಡಿದು, ನಮ್ಮನ್ನೇ ನೋಡುತ್ತ ಕೆಳಗೆ ಹಾಕುತ್ತದೆ. ಪಟಾಕಿಗೆ ಹೆದರುವುದಿಲ್ಲ, ಪಟಾಕಿ ಖರ್ಚು ನಮಗೇ ಎಂದು ಅದಕ್ಕೆ ಗೊತ್ತು. ಪೇಟೆಯಲ್ಲಿ ಹಿಡಿದ ಮಂಗಗಳನ್ನು ತಂದು ಘಟ್ಟದ ರಸ್ತೆಯಲ್ಲಿ ಬಿಡುತ್ತಾರೆ ಎಂಬ ಗುಮಾನಿ ಊರಿನಲ್ಲಿ ಎಲ್ಲರಿಗೂ ಇದೆ. ಅವುಗಳ ನಡವಳಿಕೆ ನೋಡಿದರೆ ನನಗೂ ನಂಬಬೇಕು ಅನ್ನಿಸುತ್ತದೆ. ಕಾಡಿನಲ್ಲಿ ಹುಟ್ಟಿದ ಮಂಗ ಬಾಗಿಲ ಚಿಲಕ ತೆಗೆಯುವುದನ್ನು ಎಲ್ಲಿ ಕಲಿತೀತು?

ಪ್ರಾಣಿಗಳದ್ದು ಕಣ್ಣಿಗೆ ಕಾಣುವ ಜಗಳ. ಸೊಪ್ಪು ಬಳ್ಳಿಗಳ ಒತ್ತುವರಿ ಹಾಗಲ್ಲ, ಸದ್ದಿಲ್ಲದೆ ನಡೆಯುತ್ತದೆ. ಮಳೆಗಾಲದಲ್ಲಿ ಅಂಗಳದ ಕೆಂಪುಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ, ಜರಿಗಿಡದ ನಡುವೆ ಯಾವ ಹಕ್ಕಿ ತಂದು ಹಾಕಿತೋ ಒಂದು ಗೋಳಿಯ ಸಸಿ. ಇವರ ಹಳೆಯ ಸ್ಕೂಟರನ್ನು ಸೌದೆ ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿ, ರಿಪೇರಿ ಮಾಡಿಸುವ ಮಾತಾಡುತ್ತ ಒಂದು ಮಳೆಗಾಲ ಕಳೆದೆವು. ಸೋಣದಲ್ಲಿ ನೋಡಿದರೆ ಹ್ಯಾಂಡಲಿಗೆ ಬಳ್ಳಿ ಸುತ್ತಿ ಕನ್ನಡಿಯ ತನಕ ಏರಿದೆ. ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿಯ ಕಾಲಿನಿಂದ ತೋಳಿನ ತನಕ ಶಿಲ್ಪಿ ಬಳ್ಳಿ ಕೆತ್ತಿದ್ದಾನಲ್ಲ, ಅದನ್ನು ನೋಡಲು ಬಂದವರು ತಪಸ್ಸಿನ ಉತ್ಪ್ರೇಕ್ಷೆ ಎಂದುಕೊಳ್ಳುತ್ತಾರೆ. ಈ ತಾಲೂಕಿನ ಮಳೆ ಗೊತ್ತಿದ್ದವರಿಗೆ ಅದರಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ. ಇಲ್ಲಿ ಅಲ್ಲಾಡದೆ ನಿಂತ ಯಾರ ಮೇಲಾದರೂ ಬಳ್ಳಿ ಹಬ್ಬುತ್ತದೆ, ಸನ್ಯಾಸಿಯೇ ಆಗಬೇಕೆಂದಿಲ್ಲ.

ಮೊದಲ ಗುಡುಗಿಗೆ ಕಲ್ಲಣಬೆ. ಗುಡುಗಿದರೆ ಅದು ಮಣ್ಣಿನಿಂದ ಮೇಲೇಳುತ್ತದೆ ಎಂಬುದು ಊರ ನಂಬಿಕೆ. ತೋಟಕ್ಕೆ ಬರುವ ಅಣ್ಣನ ಹೆಂಡತಿ ಕೋಲು ಹಿಡಿದು ಕಿರಾಲುಬೋಗಿ ಮರಗಳ ಬುಡದಲ್ಲಿ ತರಗೆಲೆ ಸರಿಸುತ್ತ ಹೋಗುತ್ತಾಳೆ. ನನ್ನ ಕಣ್ಣಿಗೆ ಬರೀ ಮಣ್ಣು ಕಾಣುವ ಜಾಗದಲ್ಲಿ ಆಕೆ ಕೋಲಿನ ತುದಿಯಿಂದ ಮೀಟಿದರೆ ಗೋಲಿಯಷ್ಟು ದೊಡ್ಡ, ಮಣ್ಣು ಮೆತ್ತಿದ ಉಂಡೆಗಳು ಉರುಳುತ್ತವೆ. ಕಲ್ಲೇ ಅನ್ನಬೇಕು. ತೊಳೆದು ಎರಡು ಸೀಳು ಮಾಡಿದರೆ ಒಳಗೆ ಬೆಳ್ಳಗೆ. ಬೆಳ್ಳಗಿದ್ದರೆ ಪದಾರ್ಥಕ್ಕೆ, ಕಪ್ಪಾಗಿದ್ದರೆ ಬಲಿತದ್ದು, ತೋಟಕ್ಕೆ. ಹಲ್ಲಿಗೆ ಸಿಕ್ಕಿದಾಗ ಪಟ್ಟೆಂದು ಒಡೆಯುತ್ತದೆ. ಪೇಟೆಯಲ್ಲಿ ಅದಕ್ಕೆ ಕೋಳಿ, ಕುರಿಗಿಂತ ಮೇಲೆ ದರ. ಬೋಗಿಯ ಜಾತಿಯ ಮರಗಳ ಬೇರಿಗೂ ಈ ಅಣಬೆಗೂ ಕೊಡುಕೊಳ್ಳುವ ಸಂಬಂಧ ಉಂಟಂತೆ: ಮರ ಸಕ್ಕರೆ ಕೊಡುತ್ತದೆ, ಅಣಬೆಯ ನೂಲು ಮಣ್ಣಿನಿಂದ ನೀರು, ಲವಣ ಹೀರಿ ಮರಕ್ಕೆ ಕೊಡುತ್ತದೆ. ಅದಕ್ಕೇ ಇದನ್ನು ಗದ್ದೆಯಲ್ಲಿ, ಶೆಡ್ಡಿನಲ್ಲಿ ಬೆಳೆಸಲು ಆಗುವುದಿಲ್ಲ. ಮರ ಕಡಿದರೆ ಅಣಬೆ ಇಲ್ಲ. ಹಾಗೆಂದು ಆಕೆಗೆ ಯಾವ ಪುಸ್ತಕವೂ ಹೇಳಿದ್ದಲ್ಲ. "ಬೋಗಿ ಕಡಿದಲ್ಲಿ ಎಂತ ಸಿಗ್ತದೆ ಅಕ್ಕ, ಬರೀ ಮಣ್ಣು" ಎಂದು ನನಗೆ ಹೇಳಿದ್ದೇ ಆಕೆ.

ಅದೇ ಹೊತ್ತಿಗೆ ತೋಟದಲ್ಲಿ ಮದ್ದು ಬಿಡುವ ಗಡಿಬಿಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಕಾರಣ ಏನೆಂದು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಬರೆದು ತೋರಿಸಿದ ಮೇಲೆ ಮಲೆನಾಡಿನ ಅಡಿಕೆಗೆ ಈ ಬೋರ್ಡೋ ದ್ರಾವಣ ಬಂತು. ಅದರ ಮೂಲದ ಕಥೆ ನನಗೆ ಬಹಳ ಇಷ್ಟ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆಂದು ರಸ್ತೆಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತು ಸುಣ್ಣ ಬೆರೆಸಿ ಬಳಿಯುತ್ತಿದ್ದರು, ವಿಷವೆಂದು ಹೆದರಲಿ ಎಂದು. ಕಳ್ಳರಿಗೆಂದು ಬಳಿದದ್ದು ರೋಗವನ್ನೂ ದೂರ ಇಟ್ಟಿತು. ಅದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ. ನೆರೆಕರೆಯವರ ಮೇಲಿನ ಸಂಶಯದಿಂದಲೂ ಒಮ್ಮೊಮ್ಮೆ ಲೋಕಕ್ಕೆ ಉಪಕಾರ ಆಗುತ್ತದೆ. ನಮ್ಮ ಮಂಗಗಳಿಗೆ ಮಾತ್ರ ನೀಲಿ ಬಣ್ಣದ ಹೆದರಿಕೆಯೂ ಇಲ್ಲ.

ಆಟಿ ಅಮಾವಾಸ್ಯೆಯ ಕೈಕಡ ಬೇರೆ ತರದ್ದು. ಅಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಹಿಂದಿನ ದಿನವೇ ಇವರು ಹೋಗಿ ಮರ ನೋಡಿ ಗುರುತು ಇಟ್ಟು ಬರುತ್ತಾರೆ. ಇದು ಶಾಸ್ತ್ರಕ್ಕೆಂದು ಮಾಡುವುದಲ್ಲ, ಜೀವಕ್ಕೆಂದು. ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದು ಕುಡಿದು ಸತ್ತವರಿದ್ದಾರೆ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಅತ್ತೆ ಅದನ್ನು ಕಾಳುಮೆಣಸು, ಓಮ ಹಾಕಿ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದರೊಳಗೆ ಬಿಡುತ್ತಾರೆ. ಚೊಂಯ್ ಎಂದು ಹೊಗೆ ಏಳುತ್ತದೆ. ಅದೇ ಒಗ್ಗರಣೆ. ಆ ಕಹಿಯನ್ನು ನಾನು ವರ್ಣಿಸುವುದಿಲ್ಲ. ಹಿಂದೆಯೇ ಮೆಂತೆ ಗಂಜಿ ಕೊಡುತ್ತಾರೆ ಎಂಬ ಒಂದೇ ಆಸೆಯಿಂದ ಮಕ್ಕಳು ಮೂಗು ಹಿಡಿದು ಕುಡಿಯುತ್ತಿದ್ದರು. ಈಗ ಉಡುಪಿಯಲ್ಲಿ, ಮಣಿಪಾಲದಲ್ಲಿ ಸಂಘಸಂಸ್ಥೆಗಳವರು ಬಕೆಟ್ಟಿನಲ್ಲಿ ಕಷಾಯ ಮಾಡಿ ಹಂಚುತ್ತಾರೆ. ಒಳ್ಳೆಯದೇ. ಅತ್ತೆಗೆ ಮಾತ್ರ ಒಂದೇ ಅನುಮಾನ: "ಅಷ್ಟು ಜನಕ್ಕೆ ತೊಗಟೆ ತೆಗೆದರೆ ಮರ ಉಳಿಯುವುದುಂಟಾ?"

ಬರುವ ಅತಿಥಿಗಳ ಬಗ್ಗೆ ಇನ್ನೊಂದು ಮಾತು. ಓದಿದವರಾದರೆ ಶಿವರಾಮ ಕಾರಂತರ 'ಬೆಟ್ಟದ ಜೀವ'ವನ್ನು ತಲೆಯಲ್ಲಿಟ್ಟುಕೊಂಡೇ ಬರುತ್ತಾರೆ. 1943ರಲ್ಲಿ ಬಂದ ಆ ಕಾದಂಬರಿಯ ಗೋಪಾಲಯ್ಯನವರಂತೆ ಇವರೂ ಮೀಯಲು ಬಿಸಿನೀರು ಕೊಟ್ಟು, ಬೆಟ್ಟದ ಕಥೆ ಹೇಳಿ, ನಾಲ್ಕು ದಿನ ಇರಿ ಎಂದು ಒತ್ತಾಯ ಮಾಡಬೇಕು. ಬಿಸಿನೀರು ಯಾವಾಗಲೂ ಉಂಟು, ಕಥೆಯೂ ಉಂಟು. ಆದರೆ ಓದುಗರ ಕಣ್ಣಿಗೆ ಗೋಪಾಲಯ್ಯನವರ ಸ್ನೇಹ ಕಂಡಷ್ಟು ಅವರ ಬೆನ್ನುನೋವು ಕಾಣುವುದಿಲ್ಲ ಎಂಬುದು ನನ್ನ ತಕರಾರು. ಶಂಕರಮ್ಮನವರದ್ದಂತೂ ಕೇಳುವುದೇ ಬೇಡ.

ಒಂದು ಚೈತ್ರದಲ್ಲಿ ಸೌದೆ ಕೊಟ್ಟಿಗೆಗೆ ಕಾಳಿಂಗ ಬಂತು. ಕೇರೆಹಾವನ್ನು ಅಟ್ಟಿಕೊಂಡು ಬಂದದ್ದು. ಅದರ ಊಟವೇ ಬೇರೆ ಹಾವು. ಕೇರೆ ಸೌದೆಯ ಒಟ್ಟಿಲಿನೊಳಗೆ ನುಗ್ಗಿತು, ಕಾಳಿಂಗ ಹೊರಗೆ ಉಳಿಯಿತು. ನನ್ನ ಸೊಂಟದಷ್ಟು ಎತ್ತರಕ್ಕೆ ಹೆಡೆ. ನಾಗರಹಾವಿನ ಅಗಲ ಹೆಡೆಯಲ್ಲ, ಸಪೂರ. ಅದು ನಮ್ಮನ್ನು ನೋಡಿದ್ದು ನಾನು ಈ ತನಕ ಯಾವ ಮನುಷ್ಯನಿಂದಲೂ ನೋಡಿಸಿಕೊಳ್ಳದಷ್ಟು ನೆಟ್ಟ ದೃಷ್ಟಿಯಿಂದ. ಮನೆಯಲ್ಲಿ ಯಾರೂ ಕಿರುಚಲಿಲ್ಲ. ಮಾವ ಕುರ್ಚಿಯನ್ನು ಜಗಲಿಯ ಆಚೆ ತುದಿಗೆ ಎಳೆದುಕೊಂಡು ಕುಳಿತರು. ನಾಯಿಯನ್ನು ಒಳಗೆ ಕಟ್ಟಿದೆವು. ಬಚ್ಚಲಿಗೆ ಸೌದೆಯಿಲ್ಲ, ಆ ದಿನ ತಣ್ಣೀರ ಸ್ನಾನ. ಹಾವು ಹಿಡಿಯುವವರಿಗೆ ಫೋನು ಮಾಡಲೇ ಎಂದು ಇವರು ಕೇಳಿದರೆ ಮಾವ, "ಯಾಕೆ? ಅದಕ್ಕೆ ದಾರಿ ಗೊತ್ತುಂಟು" ಅಂದರು. ಸಂಜೆಗೆ ಅದು ತೋಡು ಇಳಿದು ಹೋಯಿತು. ಲೋಕದಲ್ಲಿ ತರಗೆಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಇದೊಂದೇ ಎಂದೂ, ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು ಕಾಯುತ್ತದೆಂದೂ ಆಮೇಲೆ ಓದಿದೆ. ನಮ್ಮ ಘಟ್ಟಕ್ಕೆ ಬಡಗಿನಲ್ಲೇ ಇರುವ ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಸಂಶೋಧನಾ ಕೇಂದ್ರದವರು ಇದರ ಜಾತಕವನ್ನೇ ಬರೆಯುತ್ತಿದ್ದಾರೆ. ತರಗೆಲೆ ನಮಗೂ ಬೇಕು, ಅದಕ್ಕೂ ಬೇಕು. ಅಂದಿನಿಂದ ಕುಮ್ಕಿಯಲ್ಲಿ ಎಲೆ ಗುಡಿಸುವಾಗ ದೊಡ್ಡ ರಾಶಿ ಕಂಡರೆ ಮೊದಲು ಕೋಲು, ಆಮೇಲೆ ಕೈ.

ಮಗಳು ಮಣಿಪಾಲದಲ್ಲಿ ಕೆಲಸಕ್ಕಿದ್ದಾಳೆ. ಅವಳ ಫ್ಲ್ಯಾಟು ಏಳನೆಯ ಮಾಳಿಗೆಯಲ್ಲಿ. ಕಿಟಕಿಯಿಂದ ಪೂರ್ವಕ್ಕೆ ನೋಡಿದರೆ ಶುಭ್ರವಾದ ದಿನ ಘಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. "ಅಮ್ಮ, ಇವತ್ತು ನಮ್ಮ ಮನೆ ಕಾಣ್ತಾ ಉಂಟು" ಅನ್ನುತ್ತಾಳೆ. ಮನೆ ಎಲ್ಲಿ ಕಾಣಬೇಕು, ಕಾಣುವುದು ಅದರ ಬೆನ್ನಿಗಿರುವ ಗುಡ್ಡ. ಬೇಸಿಗೆಯಲ್ಲಿ ಅವಳು ಫೋನು ಮಾಡಿ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆಂದು ಗೊಣಗಿದರೆ ಇವರಿಗೆ ಅದು ನೇರವಾಗಿ ನಮ್ಮ ಮೇಲಿನ ದೂರು ಅನ್ನಿಸುತ್ತದೆ. ಯಾಕೆಂದರೆ ಮಾಳದ ಕಾಡಿನಲ್ಲಿ ಹುಟ್ಟುವ ನೀರೇ ಸ್ವರ್ಣಾ ನದಿಯಾಗಿ ಇಳಿದು, ಹಿರಿಯಡ್ಕದ ಬಳಿ ಬಜೆಯಲ್ಲಿ ನಿಂತು, ಅಲ್ಲಿಂದ ಉಡುಪಿ, ಮಣಿಪಾಲದ ನಳ್ಳಿಗಳಿಗೆ ಹೋಗುವುದು. ಉಳಿದದ್ದು ಕೋಡಿ ಬೇಂಗ್ರೆಯಲ್ಲಿ ಸೀತಾ ನದಿಯ ಜತೆ ಕಡಲು ಸೇರುತ್ತದೆ. 2019ರ ಮೇ ತಿಂಗಳಲ್ಲಿ ಬಜೆಯ ಅಣೆಕಟ್ಟು ತಳ ಕಂಡಾಗ ಉಡುಪಿಯಲ್ಲಿ ಬೀದಿಬೀದಿಗೆ ಟ್ಯಾಂಕರ್ ಓಡಾಡಿತು. ಆ ವರ್ಷ ನಮ್ಮ ತೋಡಿನಲ್ಲೂ ಕಲ್ಲುಗಳೇ ಕಂಡವು. ಇವರು ದಿನಾ ಸಂಜೆ ಹೋಗಿ ಕಲ್ಲುಗಳ ನಡುವಿನ ಗುಂಡಿ ನೋಡಿ ಬಂದು ಮಗಳಿಗೆ ವರದಿ ಒಪ್ಪಿಸುತ್ತಿದ್ದರು. "ಇವತ್ತು ಒಂದು ಕೊಡಪಾನದಷ್ಟು ಉಂಟು. ಕಳಿಸಿದ್ದೇನೆ, ಬಂದರೆ ಹೇಳು." ಹಿಂದೆ ಮಳೆ ಬಿಟ್ಟ ಮೇಲೆ ಊರವರು ಸೇರಿ ತೋಡಿಗೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕುತ್ತಿದ್ದರು, ಬೇಸಿಗೆ ಗದ್ದೆಗೆ ನೀರು, ಸುತ್ತಲ ಬಾವಿಗಳಿಗೆ ಒರತೆ. ಗದ್ದೆ ಹೋಗಿ ತೋಟ ಬಂತು, ತೋಟಕ್ಕೆ ಕೊಳವೆಬಾವಿ ಬಂತು, ಕಟ್ಟ ಹಾಕಲು ಜನ ಇಲ್ಲ. ಈಗ ಮತ್ತೆ ಕಟ್ಟದ ಮಾತು ಶುರುವಾಗಿದೆ, ಅಲ್ಲಲ್ಲಿ ಹಾಕುತ್ತಲೂ ಇದ್ದಾರೆ.

ಚಳಿ ಇಳಿದು ಬಿಸಿಲು ಏರುವ ದಿನಗಳಲ್ಲಿ, ಮಧ್ಯಾಹ್ನ ಊಟವಾದ ಮೇಲೆ ನಾನು ತೋಟದ ಮೇಲಿನ ಕಟ್ಟಪುಣಿಯಲ್ಲಿ ಕೂರುತ್ತೇನೆ. ಕೆಲಸವೊಂದೂ ಇಲ್ಲದೆ ಕೂರುವುದು ಆಗ ಮಾತ್ರ. ಅಡಿಕೆ ಮರದ ಬೂದು ಕಾಂಡದ ಮೇಲೆ ತೊಗಟೆಯದೇ ಒಂದು ಚೂರು ಅಲುಗುತ್ತದೆ. ಅಲುಗಿದ ಮೇಲೆ ಗೊತ್ತಾಗುವುದು, ಹಾರುವ ಓತಿ. ಗೇಣುದ್ದ, ಅದರಲ್ಲಿ ಬಾಲವೇ ಅರ್ಧಕ್ಕೂ ಹೆಚ್ಚು. ಗಂಡಿನ ಗಂಟಲಡಿಯಿಂದ ಹಳದಿಯ ಚೀಟಿಯೊಂದು ಹೊರಬರುತ್ತದೆ, ಮುಚ್ಚುತ್ತದೆ, ಮತ್ತೆ ಹೊರಬರುತ್ತದೆ. ಕಾಂಡದಲ್ಲಿ ಸಾಲು ಹಿಡಿದ ಇರುವೆಗಳನ್ನು ಒಂದೊಂದಾಗಿ ಹೆಕ್ಕುತ್ತ ಮೇಲೇರುತ್ತದೆ. ತುದಿಗೆ ಹತ್ತಿದ ಮೇಲೆ ಒಂದು ಕ್ಷಣ ತಡೆದು, ಬಿಡುತ್ತದೆ. ಬಿದ್ದೇ ಹೋಯಿತು ಅನ್ನುವಾಗ ಪಕ್ಕೆಲುಬುಗಳು ಅಗಲಿ ಎರಡೂ ಬದಿ ಪೊರೆ ಬಿಚ್ಚಿಕೊಳ್ಳುತ್ತದೆ, ಬಿಸಿಲು ಆ ಪೊರೆಯ ಮೂಲಕ ಹಾಯುತ್ತದೆ, ಮೂರು ಮರ ದಾಟಿ ನಾಲ್ಕನೆಯ ಮರದ ನಡುವಿಗೆ ಬಂದು ಅಂಟುತ್ತದೆ. ಮತ್ತೆ ಇರುವೆ, ಮತ್ತೆ ಏರಾಟ. 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ'ದಲ್ಲಿ ವಿಜ್ಞಾನಿಯ ಇಡೀ ತಂಡ ಕಾಡು ನುಗ್ಗಿ ಒದ್ದಾಡಿದ್ದು ಒಂದು ಹಾರುವ ಓತಿಗಾಗಿ. ಕಾದಂಬರಿಯ ಓತಿಯ ಗುಟ್ಟು ಬೇರೆ, ಒಪ್ಪಿದೆ. ಆದರೂ ಅವರೆಲ್ಲ ಒಂದು ದಿನ ನಮ್ಮ ಕಟ್ಟಪುಣಿಯಲ್ಲಿ ಬಂದು ಕೂತಿದ್ದರೆ ಮಜ್ಜಿಗೆ ಕುಡಿಯುತ್ತ ನೋಡಬಹುದಿತ್ತು. ಹೆಣ್ಣು ಓತಿ ಮಾತ್ರ ಮೊಟ್ಟೆಯಿಡಲು ಮಣ್ಣಿಗೆ ಇಳಿಯಬೇಕು. ಮರದ ಮೇಲಿನ ಅಷ್ಟು ಠೀವಿ ನೆಲದಲ್ಲಿ ಇಲ್ಲ; ಮೂತಿಯಿಂದ ಮಣ್ಣು ಕೆದಕುತ್ತ, ಎರಡು ಸಲ ತಲೆಯೆತ್ತಿ ನೋಡುತ್ತ ಇರುತ್ತದೆ. ಅದು ಇಳಿದದ್ದು ಕಂಡರೆ ನಾನು ಆ ಬದಿಗೆ ಕಳೆ ತೆಗೆಯಲು ಯಾರನ್ನೂ ಕಳಿಸುವುದಿಲ್ಲ. ಕಾರಣ ಕೇಳಿದರೆ ನಾಳೆ ಮಾಡುವ ಅನ್ನುತ್ತೇನೆ.

ಮನೆಯ ಈಶಾನ್ಯಕ್ಕೆ ನಮ್ಮ ಕುಟುಂಬದ ನಾಗಬನ. ಕುಮ್ಕಿಯ ಜಗಲಿಗೆ ನಿಯಮವುಂಟು, ಬನಕ್ಕೆ ಅದೂ ಇಲ್ಲ. ಅಲ್ಲಿಂದ ಒಂದು ಕಡ್ಡಿ ತರುವಂತಿಲ್ಲ, ಉದುರಿದ ಎಲೆಯನ್ನೂ ಮುಟ್ಟುವಂತಿಲ್ಲ. ಹೀಗಾಗಿ ಅರ್ಧ ಎಕರೆಯೂ ಇಲ್ಲದ ಆ ಜಾಗದಲ್ಲಿ ರೆಂಜೆ, ಹೊನ್ನೆ, ಕಾಸರಕ, ಹೆಸರು ಗೊತ್ತಿಲ್ಲದ ತೊಡೆಯಷ್ಟು ದಪ್ಪದ ಬಳ್ಳಿಗಳು. ನಡುವೆ ಪಾಚಿ ಹಿಡಿದ ನಾಗನ ಕಲ್ಲು. ನಾಗರ ಪಂಚಮಿಯಂದು ಕುಟುಂಬದವರೆಲ್ಲ ಬರುತ್ತಾರೆ. ಸೀಯಾಳ, ಹಾಲು, ಅರಶಿನ, ಹಿಂಗಾರ, ನಾಗನಿಗೆ ತನು, ಮಧ್ಯಾಹ್ನ ಅರಶಿನ ಎಲೆಯ ಕಡುಬು. ಬನದೊಳಗೆ ನಿಂತವರ ಕಾಲಿಗೆ ಇಂಬಳ ಹತ್ತುತ್ತದೆ, ಪಂಚೆ ಎತ್ತಿಕೊಂಡು ಸುಣ್ಣ ಹುಡುಕುತ್ತಾರೆ.

ಕಳೆದ ಪಂಚಮಿಗೆ ಮುಂಬಯಿಯಿಂದ ಬಂದ ಚಿಕ್ಕಪ್ಪನ ಮಕ್ಕಳು ಒಂದು ಎಸ್ಟಿಮೇಟು ತಂದಿದ್ದರು. ಬನ ಜೀರ್ಣೋದ್ಧಾರ. ಮರ ತೆಗೆಸಿ, ನೆಲಕ್ಕೆ ಗ್ರಾನೈಟ್ ಹಾಸಿ, ಕರಿಕಲ್ಲಿನ ಕಟ್ಟೆ ಕಟ್ಟಿ, ಸುತ್ತ ಸ್ಟೀಲಿನ ಗೇಟು, ಮೇಲೆ ಶೀಟು. ಬಂದವರಿಗೆ ನಿಲ್ಲಲು ಜಾಗ, ಇಂಬಳ ಇಲ್ಲ, ಕೆಸರು ಇಲ್ಲ. ಉಡುಪಿಯ ಆಸುಪಾಸಿನಲ್ಲಿ ಎಷ್ಟೋ ಬನಗಳು ಹೀಗೆ ಕಟ್ಟೆಯಾಗಿ ಹೋಗಿವೆ. ಈಗ ಅಲ್ಲಿ ನಾಗನ ಕಲ್ಲು ಉಂಟು, ನಾಗನಿಗೆ ಇರಲು ಜಾಗ ಇಲ್ಲ. ಹಾಗೆಂದು ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಊರಿಗೆ ವರ್ಷಕ್ಕೊಮ್ಮೆ ಬರುವವರಿಗೆ ದೇವರ ಜಾಗ ಚೊಕ್ಕಟವಾಗಿ ಕಾಣಬೇಕು, ದುಡಿದ ದುಡ್ಡು ಅಲ್ಲಿ ಕಣ್ಣಿಗೆ ಕಾಣುವಂತೆ ಖರ್ಚಾಗಬೇಕು. ದಿನಾ ಇರುವವರಿಗೆ ಅದರ ಅಗತ್ಯ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ. ಎಸ್ಟಿಮೇಟು ಕೈಯಿಂದ ಕೈಗೆ ದಾಟಿ ಅತ್ತೆಯ ತನಕ ಬಂತು. ಅವರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ಮೊತ್ತದ ತನಕ ಪೂರ್ತಿ ಓದಿದರು.

"ಎಲ್ಲ ಸರಿಯುಂಟು ಮಗಾ. ಬಿಸಿಲಿಗೆ ಗ್ರಾನೈಟು ಕಾದರೆ ನಾಗ ಎಲ್ಲಿಗೆ ಹೋಗುವುದು, ನಿಮ್ಮ ಮುಂಬಯಿಗಾ?"

ಯಾರೋ ನಕ್ಕರು. ಕಡುಬು ಆರುತ್ತದೆ ಎಂದು ನಾನು ಎಲೆ ಹಾಕಿದೆ. ಊಟದ ಮೇಲೆ ಆ ಮಾತು ಮತ್ತೆ ಎದ್ದಿತು, ಪ್ರಶ್ನೆ ಇಡಬೇಕು ಎಂದರು ಒಬ್ಬರು, ಮುಂದಿನ ವರ್ಷ ನೋಡುವ ಎಂದರು ಇನ್ನೊಬ್ಬರು. ಹೊರಡುವಾಗ ಎಲ್ಲರಿಗೂ ಹಲಸಿನ ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಟ್ಟೆವು. ಕಾಗದ ಪಂಚಾಂಗದ ಎಡೆಯಲ್ಲಿ ಉಳಿದಿದೆ.

ಈಗ ಆಗಬೇಕಾದ ಕೆಲಸ ಬೇರೆ. ಬನದ ಹೊನ್ನೆಯ ಒಂದು ಗೆಲ್ಲು ಕರೆಂಟಿನ ಲೈನಿನ ಮೇಲೆ ಒರಗಿದೆ, ಜೋರು ಗಾಳಿಗೆ ಕಿಡಿ ಹಾರುತ್ತದೆ. ತೆಗೆಸಬೇಕಾದರೆ ನಾಗನಲ್ಲಿ ಪ್ರಾರ್ಥನೆ ಆಗಬೇಕು, ಲೈನು ಆಫ್ ಆಗಬೇಕು. ಭಟ್ಟರು ಶುಕ್ರವಾರ ಬೆಳಿಗ್ಗೆ ಬರುತ್ತೇನೆ ಅಂದಿದ್ದಾರೆ. ಲೈನ್‌ಮನ್ನು ಮಳೆ ಬಿಡಲಿ ಅಂದಿದ್ದಾರೆ. ಗೆಲ್ಲಿನ ಕವಲಿನಲ್ಲಿ ಮಂಗಟ್ಟೆಯ ಪೊಟರೆ ಉಂಟು, ಅದರಿಂದ ಈಚೆಗೆ ಕಡಿಯಬಾರದು ಎಂದು ಅತ್ತೆ ಮೊದಲೇ ಹೇಳಿಟ್ಟಿದ್ದಾರೆ. ಇವರು ಏಣಿ ತೊಳೆದು ಇಟ್ಟಿದ್ದಾರೆ.